ಹೋಗಿ ಬರ್ತೀನಿ ಎಂದು ಫಾನ್ ಭಾಷೆಯಲ್ಲಿ ಹೇಳಿ ಕೆಟ್ಟದ್ದು

ಕನ್ನಡ, ಇಂಗ್ಲಿಷು, ಹಿಂದಿ, ಮರಾಠಿ, ಮೇಲಿಂದ ಜಗಳಕ್ಕೆ ಸಾಕಾಗುವಷ್ಟು ತೆಲುಗು. ಇಷ್ಟನ್ನು ಬಾಯಲ್ಲಿಟ್ಟುಕೊಂಡಿರುವ ಧಾರವಾಡದ ಮನುಷ್ಯನಿಗೆ ಇನ್ನೊಂದು ಭಾಷೆ ಎಷ್ಟರ ಮಾತು? ಅದೂ ಇಡೀ ಭಾಷೆಯಲ್ಲ, ಬರೀ ಸರ್ವನಾಮಗಳು! ನಾನು, ನೀನು, ಅವನು, ಅವಳು, ನಾವು, ಅವರು. ಇಷ್ಟು ಗಟ್ಟಿಯಾದರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ ಎಂಬ ಅಚಲ ನಂಬಿಕೆಯಿಂದ ನಾನು ಫಾನ್ ಭಾಷೆಗೆ ಕೈ ಹಾಕಿದೆ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಜನ ಆಡುವ ಭಾಷೆ ಅದು.

ಯಾಕೆ ಕೈ ಹಾಕಿದೆ ಎಂದು ಕೇಳಿದರೆ ಉತ್ತರ ಸರಳ. ನನಗೆ ಮಾತಾಡಲು ಯಾರೂ ಇರಲಿಲ್ಲ.

2004ರ ಸುಮಾರಿನ ಮಾತು. ನನ್ನ ಕೆಲಸ ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಪೀಡ್ರೊ ಬಂದರಿನ ಹತ್ತಿರ, ಒಂದು ಹಡಗು ಸಾಗಣೆಯ ಆಫೀಸಿನಲ್ಲಿ. ಹೆಂಡತಿ ಪದ್ಮಾಳ ಕೆಲಸ ಕಾರ್ಲ್ಸ್‌ಬಾಡಿನ ಒಂದು ಬಯೋಟೆಕ್ ಕಂಪನಿಯಲ್ಲಿ. ದಿನಾ ಡ್ರೈವ್ ಮಾಡುವ ದೂರವಲ್ಲ. ಹಾಗಾಗಿ ಅವಳಿಗೆ ಅಲ್ಲೊಂದು ಅಪಾರ್ಟ್‌ಮೆಂಟು, ನನಗೆ ಇಲ್ಲೊಂದು, ಶನಿವಾರ ಭಾನುವಾರಕ್ಕೆ ಸಂಸಾರ! ಯಾರ ಕಂಟೇನರ್ ಯಾವ ಸಮುದ್ರದಲ್ಲಿದೆ ಎಂದು ಫೋನಿನಲ್ಲಿ ಹೇಳುವುದು ನನ್ನ ಉದ್ಯೋಗ. ಇಡೀ ದಿನ ಜನರ ಸಾಮಾನು ಎಲ್ಲಿದೆ ಎಂದು ಹೇಳಿ ಹೇಳಿ ಸಂಜೆ ಮನೆಗೆ ಬಂದರೆ, ನಾನು ಎಲ್ಲಿದ್ದೇನೆ ಎಂದು ಕೇಳುವವರು ಒಬ್ಬರೂ ಇರುತ್ತಿರಲಿಲ್ಲ. ಎಷ್ಟೋ ಸಂಜೆ ಟೀವಿಯಲ್ಲಿ ಹವಾಮಾನ ಹೇಳುವವನಿಗೆ ‘ಹೌದೇನಪಾ’ ಎಂದು ಉತ್ತರ ಕೊಟ್ಟಿದ್ದೇನೆ.

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಕೊಜೊ ಎಂಬ ಮುದುಕರಿದ್ದರು. ಬೆನಿನ್‌ನಿಂದ ಮಗಳ ಮನೆಗೆ ಬಂದವರು. ಮಗಳು ಸೆನಾಮಿ ಆಸ್ಪತ್ರೆಯಲ್ಲಿ ನರ್ಸು, ಹೊತ್ತುಗೊತ್ತಿಲ್ಲದ ಡ್ಯೂಟಿ. ಮುದುಕರಿಗೆ ಇಂಗ್ಲಿಷ್ ಬಾರದು. ಸಂಜೆಯಾದರೆ ಮೆಟ್ಟಿಲ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತು, ಹೋಗಿ ಬರುವ ಕಾರುಗಳನ್ನು ನೋಡುತ್ತಿದ್ದರು. ನಾನು ಅವರನ್ನು ನೋಡಿ ನಗುತ್ತಿದ್ದೆ. ಅವರು ನನ್ನನ್ನು ನೋಡಿ ನಗುತ್ತಿದ್ದರು. ನಮ್ಮ ಸ್ನೇಹ ಬಹಳ ಕಾಲ ಹಲ್ಲಿನಿಂದ ಮುಂದೆ ಹೋಗಲಿಲ್ಲ. ಮನಸ್ಸಿನಲ್ಲಿ ಮಾತ್ರ ನಾನಾಗಲೇ ಅವರನ್ನು ‘ಅಜ್ಜಾರು’ ಎಂದು ಕರೆಯತೊಡಗಿದ್ದೆ.

ಒಂದು ದಿನ ಅಜ್ಜಾರು ಒಳಗೆ ಕರೆದು ದೊಡ್ಡ ಲೋಟದಲ್ಲಿ ನೀರು ಕೊಟ್ಟರು. ಬಂದವರಿಗೆ ಮೊದಲು ನೀರು, ಆಮೇಲೆ ಮಾತು ಎನ್ನುವುದು ಅವರ ಮನೆಯ ಪದ್ಧತಿ. ನಮ್ಮಲ್ಲಿಯೂ ಅದೇ ಅಲ್ಲವೇ, ಜತೆಗೊಂದು ಬೆಲ್ಲದ ಚೂರು! ಕಣ್ಣಲ್ಲಿ ನೀರು ಬಂತು. ಆ ಭಾವೋದ್ವೇಗದಲ್ಲಿ, ನನ್ನ ಅಜ್ಜಿ ಕಲಿಸಿದ ಹಾಗೆ, ತುಟಿ ತಾಗಿಸದೆ ಲೋಟ ಎತ್ತಿ ಗಟಗಟ ಸುರಿದುಕೊಂಡೆ. ಅಂಗಿ, ಪ್ಯಾಂಟು, ಸೋಫಾ, ಮೂರೂ ತೊಯ್ದವು. ಅಜ್ಜಾರು ಒಳಗೆ ಹೋಗಿ ಟವೆಲ್ ತಂದರು. ಅಂದೇ ತೀರ್ಮಾನಿಸಿದೆ, ಇವರ ಭಾಷೆ ಕಲಿಯಲೇಬೇಕು. ಕಡೇ ಪಕ್ಷ ಸಾರಿ ಹೇಳುವುದಕ್ಕಾದರೂ!

ಸೆನಾಮಿಯೇ ಗುರು. ಪಾಠಶಾಲೆ ಕಟ್ಟಡದ ಲಾಂಡ್ರಿ ರೂಮು. ಅವಳು ಬಟ್ಟೆ ಮಡಚುತ್ತ, ಕೈಯಲ್ಲಿದ್ದ ಕಾಲುಚೀಲದಿಂದ ತನ್ನನ್ನು ತೋರಿಸಿಕೊಂಡು “ಉನ್” ಎಂದಳು. ನಾನು. ಕಾಲುಚೀಲ ನನ್ನ ಕಡೆ ತಿರುಗಿಸಿ “ಆ” ಎಂದಳು. ನೀನು. ಗೋಡೆಯಾಚೆ ಕೂತ ಅಪ್ಪನ ಕಡೆಗೆ ತೋರಿಸಿ “ಎ”. ಅವನು. ನಮ್ಮಿಬ್ಬರ ಸುತ್ತ ಕಾಲುಚೀಲ ಬೀಸಿ, ಸ್ವರವನ್ನು ಕೆಳಗಿನಿಂದ ಮೇಲಕ್ಕೆ ಎಳೆದು “ಮೀ”. ನಾವು.

“ಇಷ್ಟೇನಾ?” ಎಂದೆ.

“ಇಷ್ಟೇ. ಆದರೆ ಎಳೆಯದೆ ತಗ್ಗಿನಲ್ಲಿ ಹೇಳಿದರೆ ‘ನೀವೆಲ್ಲ’ ಎಂದಾಗುತ್ತದೆ. ಜೋಪಾನ,” ಎಂದಳು ಸೆನಾಮಿ ಇಂಗ್ಲಿಷಿನಲ್ಲಿ.

ಜೋಪಾನವಾಗಿಯೇ ಅಭ್ಯಾಸ ಶುರುಮಾಡಿದೆ. ಪದ್ಮಾ ಫೋನ್ ಮಾಡಿದಾಗ ನಾನು ಒಗ್ಗರಣೆ ಹಾಕುತ್ತ “ಉನ್, ಉನ್” ಎನ್ನುತ್ತಿದ್ದೆ.

“ಯಾಕ್ರೀ, ಹೊಟ್ಟಿ ನೋವೇನು?” ಎಂದಳು.

“ಇಲ್ಲ, ಸರ್ವನಾಮ ಕಲೀಲಿಕ್ಕತ್ತೀನಿ. ಕೇಳಿಲ್ಲೆ. ಮೀ... ಮೀ... ಮೀ...”

“ಬೆಕ್ಕು ಸಾಕೀರೇನು? ಅಪಾರ್ಟ್‌ಮೆಂಟಿನವರು ಡಿಪಾಸಿಟ್ ಹಿಡಕೋತಾರ, ನೋಡ್ರಿ!”

ಪ್ರಯೋಗ ಪರೀಕ್ಷೆ ಇನ್ನೂ ಘೋರವಾಗಿತ್ತು. ವಯಸ್ಸಾದವರಿಗೆ ಒಂದೇ ಅಕ್ಷರದಲ್ಲಿ ‘ಆ’ ಎನ್ನಲು ನನ್ನ ನಾಲಿಗೆ ಏಳಲೊಲ್ಲದು. ಹಿರಿಯರನ್ನು ಏಕವಚನದಲ್ಲಿ ಕರೆದರೆ ನಮ್ಮ ಓಣಿಯಲ್ಲಿ ಕಪಾಳಮೋಕ್ಷವಾಗುತ್ತಿತ್ತು. ಆದ್ದರಿಂದ ಮರ್ಯಾದೆಗೆ ‘ನೀವೆಲ್ಲ’ ಎಂಬುದನ್ನೇ ಹಿಡಿದೆ. ಅಜ್ಜಾರು ಪ್ರತಿ ಸಲವೂ ಹಿಂದೆ ತಿರುಗಿ, ಇನ್ನು ಯಾರು ಬಂದಿದ್ದಾರೆ ಎಂದು ಬಾಗಿಲ ಕಡೆ ನೋಡುತ್ತಿದ್ದರು. ಪಾಪ, ಒಂದು ಸಲ ಇನ್ನೊಂದು ಲೋಟ ನೀರನ್ನೂ ತಂದಿಟ್ಟರು!

‘ಎ’ ಎಂಬುದು ಮಾತ್ರ ನನಗೆ ಬಹಳ ಹಿಡಿಸಿತು. ಅವನು, ಅವಳು, ಅದು, ಎಲ್ಲಕ್ಕೂ ಅದೊಂದೇ. ಎಂಥ ಸೌಕರ್ಯ! ಆ ಸೌಕರ್ಯದ ಬಲದಿಂದ ಒಂದು ಸಂಜೆ ಹೆಂಡತಿಯ ಬಗ್ಗೆಯೂ ಕಾರಿನ ಬಗ್ಗೆಯೂ ಒಟ್ಟಿಗೆ ಮಾತಾಡಿದೆ. ಎ ಕಾರ್ಲ್ಸ್‌ಬಾಡಿನಲ್ಲಿದೆ. ಎ ಒಳ್ಳೆಯದು. ಎ ಹಳೆಯದಾಯಿತು. ದಿಣ್ಣೆ ಹತ್ತುವಾಗ ಎ ಗೊರಗೊರ ಸದ್ದು ಮಾಡುತ್ತದೆ. ಸದ್ದನ್ನು ಬಾಯಿಂದ ಮಾಡಿಯೂ ತೋರಿಸಿದೆ. ಅಜ್ಜಾರು ಲೊಚಗುಟ್ಟಿದರು. ಮರುದಿನ ಸೆನಾಮಿ ಒಂದು ದೊಡ್ಡ ಹಸಿಶುಂಠಿ ತಂದುಕೊಟ್ಟು, “ನಿಮ್ಮ ಹೆಂಡತಿಯ ಎದೆಗೆ ಒಳ್ಳೆಯದಂತೆ. ಅಪ್ಪ ಕೊಟ್ಟರು,” ಎಂದಳು. ಆ ಶನಿವಾರ ಪದ್ಮಾಳಿಗೆ ಅದನ್ನು ಒಪ್ಪಿಸಿ ಕಾರಣ ಹೇಳಿದೆ. ಅವಳು ಶುಂಠಿಯನ್ನೂ ನನ್ನನ್ನೂ ಒಂದೇ ದೃಷ್ಟಿಯಿಂದ ನೋಡಿದಳು.

ಇಷ್ಟೆಲ್ಲ ಆದರೂ ನನಗೆ ಆ ಕುರ್ಚಿಯ ಪಕ್ಕದ ಮೆಟ್ಟಿಲು ಬೇಕಾಗಿತ್ತು. ಆಫೀಸಿನಿಂದ ಹೊರಟಾಗ, ಇವತ್ತು ಅಜ್ಜಾರಿಗೆ ಇಂಥ ಮಾತು ಹೇಳಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತ ಬರುತ್ತಿದ್ದೆ. ಅವರು ಅಲ್ಲಿ ಕೂತಿದ್ದರೆ ಮನೆ ಮುಟ್ಟಿದ ಹಾಗನ್ನಿಸುತ್ತಿತ್ತು. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಆಮೇಲೆ ಆ ಶುಕ್ರವಾರ ಬಂತು. ಚೀಲ ಹೆಗಲಿಗೇರಿಸಿ ಕಾರ್ಲ್ಸ್‌ಬಾಡಿಗೆ ಹೊರಟಿದ್ದೆ. ಕುರ್ಚಿಯಿಂದ ಅಜ್ಜಾರು, ಬಾ, ಊಟ ಮಾಡು ಎಂದರು. ಕೈಯನ್ನು ಬಾಯಿಗೆ ಒಯ್ದೂ ತೋರಿಸಿದರು. ಪೂರ್ತಿ ಅರ್ಥವಾಯಿತು! ಹಾದಿಯಲ್ಲಿ ಹೋಗುವವರನ್ನು ಜಗಲಿಯ ಮೇಲಿಂದ ‘ಬರ್ರಿ, ಊಟ ಮಾಡೋಣು’ ಎಂದು ಕರೆಯುವುದು ನಮ್ಮಲ್ಲಿ ಇಲ್ಲವೇ? ‘ಬರ್ತೀನ್ರಿ’ ಎನ್ನುತ್ತ ಅವರು ಮುಂದೆ ಹೋಗುವುದಿಲ್ಲವೇ? ಕರೆದವರು ಎಲೆ ಹಾಕುವುದಿಲ್ಲ, ಕರೆಸಿಕೊಂಡವರು ಕೈ ತೊಳೆಯುವುದಿಲ್ಲ. ಅದರ ಮೇಲೆ, ಹೊರಡುವಾಗ ಬರೀ ‘ಹೋಗ್ತೀನಿ’ ಎನ್ನುವುದು ಅಪಶಕುನ. ನಾನು ಎದೆ ಸೆಟೆಸಿ, ಆಫೀಸಿನಿಂದ ಬರುವಾಗಲೇ ಕಟ್ಟಿ ಇಟ್ಟುಕೊಂಡಿದ್ದ ವಾಕ್ಯವನ್ನು ಒಂದೂ ತಪ್ಪಿಲ್ಲದೆ ಹೇಳಿದೆ.

“ಉನ್ ನಾ ಯೀ, ಬೋ ನಾ ವಾ!”

ನಾನು ಹೋಗಿ ಬರುತ್ತೇನೆ. ಅಜ್ಜಾರ ಮುಖ ಅರಳಿತು. ಸರ್ವನಾಮ ಸರಿ, ಕ್ರಿಯಾಪದ ಸರಿ, ಉಚ್ಚಾರ ಸರಿ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತ ಫ್ರೀವೇ ಹತ್ತಿದೆ.

ಶನಿವಾರ ಬೆಳಿಗ್ಗೆ ಪದ್ಮಾ ಮಾಡಿದ ಉಪ್ಪಿಟ್ಟು ಬಾಯಿಗಿಡುವಾಗ ಸೆನಾಮಿಯ ಫೋನ್ ಬಂತು. “ನೀವು ಎಲ್ಲಿದ್ದೀರಿ? ಅಪ್ಪ ನಿನ್ನೆ ಸಂಜೆಯಿಂದ ಊಟ ಮಾಡಿಲ್ಲ. ನಾನು ಡ್ಯೂಟಿ ಮುಗಿಸಿ ಬಂದು ನೋಡಿದರೆ ಮಾಡಿಟ್ಟದ್ದು ಮಾಡಿಟ್ಟ ಹಾಗೇ ಇದೆ. ನೀವು ಹೋಗಿ ಬರುತ್ತೇನೆ ಅಂದಿರಂತೆ. ಬಂದಮೇಲೆ ಉಣ್ಣುತ್ತೇನೆ ಎಂದು ಮತ್ತೆ ಕುರ್ಚಿಯಲ್ಲೇ ಹೋಗಿ ಕೂತಿದ್ದಾರೆ.”

ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಪದ್ಮಾಳಿಗೆ ಸಂಗತಿ ಹೇಳಿದೆ. ಅವಳು ವಿಚಾರಣೆ ಪ್ರಾರಂಭಿಸಿದಳು.

“ಏನಂದ್ರಿ ನೀವು ಅವರಿಗೆ?”

“ಹೋಗಿ ಬರ್ತೀನಿ ಅಂದೆ. ಎಲ್ಲಾರೂ ಅಂತಾರಲ್ಲ!”

“ಯಾವ ಭಾಷಾದಾಗ ಅಂದ್ರಿ?”

“ಅವರ ಭಾಷಾದಾಗ.”

“ಹಂಗಾದ್ರ ಹೋಗ್ರಿ! ಮಾತಾಡಿದರ ಹೋತು, ಮುತ್ತು ಒಡದರ ಹೋತು. ಏಳ್ರಿ, ನಾನೂ ಬರ್ತೀನಿ. ಕಾರು ನಾನು ಓಡಸ್ತೀನಿ. ನಿಮ್ಮ ಕೈಯಾಗ ಕೊಟ್ರ ಅದಕ್ಕೂ ಏನರೆ ಅಂದು ಕೂಡಸ್ತೀರಿ.”

ಸ್ಯಾನ್ ಪೀಡ್ರೊ ಮುಟ್ಟುವ ತನಕ ಅವಳ ಬೈಗುಳ ಫ್ರೀವೇಯ ಒಂದು ಎಕ್ಸಿಟ್ಟಿನಲ್ಲೂ ಇಳಿಯಲಿಲ್ಲ. ನಾನು ಕ್ಷಮೆಯ ವಾಕ್ಯ ಕಟ್ಟುತ್ತ ಕೂತಿದ್ದೆ. ಅಜ್ಜಾರು ಇನ್ನು ಮುಂದೆ ನನ್ನನ್ನು ನೋಡಿ ಹಲ್ಲು ಕೂಡ ಬಿಡದಿದ್ದರೆ? ಆ ಮೆಟ್ಟಿಲು ದಾಟಿ ಸುಮ್ಮನೆ ಮೇಲೆ ಹೋಗಿ ಹವಾಮಾನದವನ ಜತೆ ಮಾತಾಡಬೇಕೇ?

ಅಜ್ಜಾರು ಕುರ್ಚಿಯಲ್ಲೇ ಇದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಅತಿಥಿಗಾಗಿ. ನಾನು ಎದುರು ನಿಂತು, ಕೈ ಮುಗಿದು, ಕಟ್ಟಿದ ವಾಕ್ಯ ಹೇಳಿದೆ. ಗಾಬರಿಯಲ್ಲಿ ‘ಉನ್’ ಎನ್ನುವ ಕಡೆಯೆಲ್ಲ ‘ಆ’ ಎಂದುಬಿಟ್ಟೆ! ಅಂದರೆ ನಾನು ಅವರಿಗೆ ಹೇಳಿದ್ದು ಇಷ್ಟು: “ನೀನು ಹೋದೆ. ನೀನು ಬರಲಿಲ್ಲ. ನೀನು ತಪ್ಪು ಮಾಡಿದೆ.”

ಅಜ್ಜಾರು ಗಂಭೀರವಾಗಿ ಯೋಚಿಸಿದರು. ಆಮೇಲೆ ತಲೆಯಾಡಿಸಿ ಏನೋ ಹೇಳಿದರು. ಸೆನಾಮಿ ನಗು ತಡೆಯುತ್ತ ಅನುವಾದಿಸಿದಳು: “ನಿಜ ಅಂತೆ. ಮೇಲೆ ಹತ್ತಿ ನಿಮ್ಮ ಬಾಗಿಲು ಬಡಿದು ನೋಡಬೇಕಿತ್ತಂತೆ. ಮಂಡಿ ನೋವು, ಅದಕ್ಕೇ ಬರಲಿಲ್ಲ, ಕ್ಷಮಿಸಬೇಕಂತೆ.”

ಉಪವಾಸ ಕೆಡವಿದ್ದೂ ನಾನೇ, ಕ್ಷಮೆ ಕೇಳಿಸಿಕೊಂಡಿದ್ದೂ ನಾನೇ! ಪದ್ಮಾ ಹಣೆ ಚಚ್ಚಿಕೊಂಡಳು.

ಊಟ ಬಿಸಿ ಮಾಡಿದರು. ಕುಟ್ಟಿದ ಗೆಣಸಿನ ಉಂಡೆ, ಬೆಂಡೆಕಾಯಿ ಗೊಜ್ಜು. ನಾನು ಮೀನು ತಿನ್ನುವುದಿಲ್ಲವೆಂದು ಒಣಮೀನು ಹಾಕದೆ ಬೇರೆಯೇ ಮಾಡಿಸಿದ್ದರು. ಕರೆದಿದ್ದು ಜಗಲಿಯ ಕರೆಯಾಗಿರಲಿಲ್ಲ, ನಿಜವಾದ ಊಟವಾಗಿತ್ತು. ತಿನ್ನುತ್ತ ತಿನ್ನುತ್ತ ನನಗೆ ಎದೆ ತುಂಬಿ, ‘ನಾವು ಉಣ್ಣುತ್ತಿದ್ದೇವೆ’ ಎಂದು ಸಂತೋಷದಿಂದ ಸಾರಿದೆ. ಸ್ವರ ಮೇಲೇರಲಿಲ್ಲ. ಅದು ‘ನೀವೆಲ್ಲ ಉಣ್ಣಿರಿ!’ ಎಂದಾಯಿತು. ಅವರ ಮನೆಯಲ್ಲಿ ಕೂತು ಅವರಿಗೇ ಅಪ್ಪಣೆ! ಅಜ್ಜಾರು ವಿಧೇಯರಾಗಿ ಇನ್ನೊಂದು ತುತ್ತು ತೆಗೆದುಕೊಂಡರು.

ಅಲ್ಲಿಂದ ಮುಂದೆ ವಾರದ ದಿನಗಳಲ್ಲಿ ಸಂಜೆಯ ಊಟ ಹೆಚ್ಚಾಗಿ ಒಟ್ಟಿಗೇ ಆಗತೊಡಗಿತು. ಒಂದು ದಿನ ಅವರ ಗೊಜ್ಜು, ಒಂದು ದಿನ ನನ್ನ ಅನ್ನ ಸಾರು. ನಾನು ‘ಹೋಗಿ ಬರ್ತೀನಿ’ ಎಂದಾಗಲೆಲ್ಲ ಅಜ್ಜಾರು ನನ್ನ ಮುಖ ನೋಡಿ, ನಿಜವಾಗಿ ಬರುತ್ತೀಯೋ, ಸುಮ್ಮನೆ ಹೇಳುತ್ತೀಯೋ ಎಂದು ವಿಚಾರಿಸಿ, ಆಮೇಲೆ ಪಾತ್ರೆ ಮುಚ್ಚುತ್ತಿದ್ದರು. ಹವಾಮಾನದವನು ಒಬ್ಬನೇ ಆದ.

ಆದರೆ ಮರುವರ್ಷ ಸೆನಾಮಿಗೆ ಬೇರೆ ರಾಜ್ಯದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಜ್ಜಾರು, ಇನ್ನೊಂದು ಹೊಸ ಊರು ನನಗೆ ಬೇಡ, ನಾನು ನಮ್ಮೂರಿಗೇ ಹೊರಟೆ ಎಂದರು.

ಅಜ್ಜಾರನ್ನೂ ಸೆನಾಮಿಯನ್ನೂ ಕೂರಿಸಿಕೊಂಡು ಲಾಸ್ ಏಂಜಲೀಸ್ ವಿಮಾನ ನಿಲ್ದಾಣಕ್ಕೆ ನಾನೇ ಡ್ರೈವ್ ಮಾಡಿದೆ. ಸೆಕ್ಯುರಿಟಿಯ ಸಾಲಿನ ಹತ್ತಿರ ಅಜ್ಜಾರು ತಿರುಗಿ ನನ್ನ ಕೈ ಹಿಡಿದು, “ಉನ್ ನಾ ಯೀ,” ಎಂದರು.

ನಾನು ಹೋಗುತ್ತೇನೆ.

ಮುಂದಿನ ಅರ್ಧಕ್ಕೆ ಕಾದೆ. ಅದು ಬರಲಿಲ್ಲ. ಕಲಿತ ಫಾನ್ ಎಲ್ಲ ಹಾರಿಹೋಗಿ, ಅಷ್ಟು ಜನರ ನಡುವೆ ಅಚ್ಚ ಧಾರವಾಡದ ಕನ್ನಡದಲ್ಲಿ ಕೂಗಿದೆ.

“ಹಂಗನಬ್ಯಾಡ್ರಿ ಅಜ್ಜಾರ! ಹೋಗಿ ಬರ್ತೀನಿ ಅನ್ರಿ!”

ಸಾಲಿನಲ್ಲಿದ್ದವರೆಲ್ಲ ನೋಡಿದರು. ಸಮವಸ್ತ್ರದವನೊಬ್ಬ ಮುಂದೆ ನಡೆಯಿರಿ ಎಂದು ಕೈ ಮಾಡಿದ. ನಾನು ಬಿಡಲಿಲ್ಲ. “ಬೋ ನಾ ವಾ, ಬೋ ನಾ ವಾ” ಎಂದು ಮಗುವಿಗೆ ಪಾಠ ಹೇಳಿಕೊಡುವ ಹಾಗೆ ಹೇಳಿದೆ. ಅಜ್ಜಾರು ಸೆನಾಮಿಯನ್ನು ಏನೋ ಕೇಳಿದರು.

“ಹಾಗೆ ಹೇಳಿದರೆ ನೀವು ಕಾಯುತ್ತೀರಾ ಎಂದು ಕೇಳುತ್ತಿದ್ದಾರೆ,” ಎಂದಳು ಅವಳು.

“ಹೂಂ. ಕಾಯ್ತೀನಿ.”

ಅಜ್ಜಾರು ತಲೆ ಅಡ್ಡಡ್ಡ ಆಡಿಸಿದರು. ನನ್ನ ಕೈಯನ್ನು ಇನ್ನೊಮ್ಮೆ ಒತ್ತಿ ಮೆಲ್ಲಗೆ ಒಂದು ಮಾತು ಹೇಳಿ ಒಳಗೆ ಹೋದರು. ಸೆನಾಮಿ ಅದನ್ನು ಅನುವಾದಿಸಿದಳು.

“ಹಾಗಾದರೆ ಹೇಳುವುದಿಲ್ಲ ಅಂದರು. ನಿಮ್ಮ ಊಟ ತಣ್ಣಗಾಗುತ್ತದಂತೆ.”

ಮನೆಗೆ ಬಂದೆ. ಕೆಳಗೆ ಕುರ್ಚಿ ಇರಲಿಲ್ಲ. ಅಕ್ಕಿ ಅಳೆಯುವಾಗ ಕೈ ತಪ್ಪಿ ಇಬ್ಬರಿಗಾಗುವಷ್ಟು ಹಾಕಿಬಿಟ್ಟೆ. ತಟ್ಟೆಯ ಮುಂದೆ ಕೂತು, ಸುಮ್ಮನೆ ಅಭ್ಯಾಸಕ್ಕೆಂದು, ‘ನಾವು ಉಣ್ಣುತ್ತಿದ್ದೇವೆ’ ಎಂದು ಫಾನ್‌ನಲ್ಲಿ ಹೇಳಿದೆ. ‘ಮೀ’ ಕೆಳಗಿನಿಂದ ಮೇಲಕ್ಕೆ ಎಷ್ಟು ಚೆನ್ನಾಗಿ ಏರಿತು! ಕೇಳುವವರಿರಲಿಲ್ಲ.

ಪದ್ಮಾಳ ಫೋನ್ ಬಂತು. “ಉಂಡ್ರಿ?”

“ಇಲ್ಲ. ಬಡಿಸಿಕೊಂಡು ಕೂತೀನಿ.”

“ಯಾಕ್ರೀ? ಅಜ್ಜಾರು ಬರ್ತೀನಿ ಅಂದಾರೇನು?”

“ಇಲ್ಲ. ಅನ್ನಲಿಲ್ಲ.”

“ಮತ್ತ? ಉಣ್ರಿ,” ಎಂದಳು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ.

ಬರ್ತೀನಿ ಎಂದವರಿಗೆ ಕಾಯುವವರು ಲೋಕದಲ್ಲಿ ಬೇಕಾದಷ್ಟು ಜನ. ಬರುವುದಿಲ್ಲ ಎಂದು ಖುದ್ದಾಗಿ ತಿಳಿಸಿ ಹೋದವರಿಗೂ ತಟ್ಟೆ ಮುಂದಿಟ್ಟುಕೊಂಡು ಕಾದ ಮಹಾನುಭಾವ ನಾನೊಬ್ಬನೇ ಇರಬೇಕು! ಅನ್ನ ಆಗಲೇ ತಣ್ಣಗಾಗಿತ್ತು.