ಜಪಾನಿಗೆ ನುಗ್ಗಿದ ಪಟ್ಲಮ್ಮನ ಎಮ್ಮೆ

ಭಾನುವಾರ ಬೆಳಿಗ್ಗೆ ಆರನೇ ಇಡ್ಲಿ ಮುಗಿಸಿ ಏಳನೆಯದಕ್ಕೆ ಕೈ ಹಾಕುವ ಮುಂಚೆ ರಘುನಂದನ್ ಐತಿಹಾಸಿಕ ಘೋಷಣೆಯೊಂದನ್ನು ಮಾಡಿದ.

"ವೀಣಾ, ಬರೆದಿಟ್ಟುಕೋ! ಇನ್ನು ಆರು ತಿಂಗಳಲ್ಲಿ ಜಪಾನನ್ನು ಕನ್ನಡಕ್ಕೆ ತರ್ತೀನಿ! ಒಬ್ಬನೇ!"

"ತನ್ನಿ. ಹಾಗೇ ಬರ್ತಾ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ತನ್ನಿ," ಎಂದಳು ಹೆಂಡತಿ, ಚಟ್ನಿ ಬಟ್ಟಲನ್ನು ಅವನ ಕಡೆ ಸರಿಸುತ್ತಾ.

ರಘುನಂದನ್ ಮಂಡ್ಯದ ಕಾಲೇಜೊಂದರ ಲೈಬ್ರರಿಯಲ್ಲಿ ಪುಸ್ತಕ ಕೊಡುವ, ಪುಸ್ತಕ ಇಸಿದುಕೊಳ್ಳುವ ಕೆಲಸದವನು. ನೋಡಿದವರಿಗೆ ಸಾಧು ಪ್ರಾಣಿ. ಆದರೆ ಆರು ವರ್ಷದಿಂದ ಅವನಿಗೊಂದು ಹುಚ್ಚು ಹತ್ತಿತ್ತು: 'ಕಿರಿನೋತಾ' ಎಂಬ ಜಪಾನಿ ಆಟ. ಆಟವೆಂದರೆ ಓಡುವುದು, ಹಾರುವುದು, ಗುಂಡು ಹೊಡೆಯುವುದು ಏನೂ ಇಲ್ಲ. ಪರದೆಯ ಮೇಲೆ ಒಂದು ಚಿತ್ರ, ಕೆಳಗೆ ನಾಲ್ಕು ಮಾತು. ಓದಿ ಒತ್ತಿದರೆ ಮುಂದಿನ ಮಾತು. ನಡುನಡುವೆ 'ಬಾಗಿಲು ತೆಗೆಯುತ್ತೀಯಾ, ಇಲ್ಲವಾ?' ಎಂದು ಕೇಳುತ್ತದೆ. ತೆಗೆದರೆ ಒಂದು ಕಥೆ, ತೆಗೆಯದಿದ್ದರೆ ಇನ್ನೊಂದು. ಒಟ್ಟಿನಲ್ಲಿ ಕಾದಂಬರಿಯೇ, ಕಂಪ್ಯೂಟರಿನೊಳಗೆ ಸೇರಿಕೊಂಡ ಕಾದಂಬರಿ. ಮೂರು ಭಾಗ ಬಂದಿತ್ತು, ನಾಲ್ಕನೆಯದು ಡಿಸೆಂಬರಿಗೆ ಬರುವುದಿತ್ತು.

"ಕಿರಿನೋತಾನೋ ಕಿರಿಕಿರಿನೋ!" ಎಂದು ವೀಣ ಆರು ವರ್ಷದ ಹಿಂದೆಯೇ ತೀರ್ಪು ಕೊಟ್ಟು, ಅದರ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಕಥೆ ಇಷ್ಟೇ. ಜಪಾನಿನ ಒಂದು ಹಳ್ಳಿಯ ದೇವಸ್ಥಾನದಲ್ಲಿ ಹಳೇ ಕಾಲದ ಕನ್ನಡಿಯೊಂದು ಕಳುವಾಗಿದೆ. ಊರ ಯಜಮಾನ ಗೋರೋ ಎಂಬಾತ ಎಲ್ಲರಿಗಿಂತ ಮುಂದೆ ನಿಂತು ಹುಡುಕುತ್ತಿದ್ದಾನೆ. ಅನುಮಾನವೆಲ್ಲ ಒತಾಕೆ ಎಂಬ ಬಾಯಿಬಡುಕಿ ಅಜ್ಜಿಯ ಮೇಲೆ. ಕಥೆ ಹೇಳುವವನು ಪಟ್ಟಣದಿಂದ ಹೊಸದಾಗಿ ಬಂದ ಮೇಷ್ಟ್ರು. ಅವನು ಕಣ್ಣಾರೆ ಕಂಡದ್ದು: ಕಳುವಾದ ಮರುದಿನವೇ ಒತಾಕೆ ಅಜ್ಜಿ ಗುದ್ದಲಿ ಹಿಡಿದು ಹೋಗಿ, ತನ್ನ ಗದ್ದೆಯ ಬದು ಕಡಿದು ನೀರನ್ನೆಲ್ಲ ಹೊರಗೆ ಬಿಟ್ಟಳು. ಯಾಕೆ ಬಿಟ್ಟಳು? ಟೋಕಿಯೊದಿಂದ ಬ್ರೆಜಿಲ್‌ವರೆಗೆ ಅಭಿಮಾನಿಗಳು ಈ ಒಂದು ಪ್ರಶ್ನೆಗೆ ಆರು ವರ್ಷದಿಂದ ಕಿತ್ತಾಡುತ್ತಿದ್ದರು. ಜಲದೇವತೆಗೆ ಶಾಂತಿ ಎಂದು ಕೆಲವರು. ಕನ್ನಡಿ ಕದ್ದವಳಿಗೆ ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳಲು ಹೆದರಿಕೆ ಎಂದು ಹಲವರು.

ಕನ್ನಡದಲ್ಲೂ ಇದಕ್ಕೊಂದು ಬಳಗವಿತ್ತು. ಟೆಲಿಗ್ರಾಂನಲ್ಲಿ ಇನ್ನೂರು ಜನ. ಅದನ್ನು ನಡೆಸುತ್ತಿದ್ದವನು ಮದ್ದೂರಿನ ಸುಹಾಸ್. ಜಪಾನಿ ಚೆನ್ನಾಗಿ ಬರುತ್ತಿತ್ತು, ಬರೆಯಲು ಮಾತ್ರ ಮಹಾ ಸೋಮಾರಿ. ವಾದಕ್ಕೆ ನಿಂತರೆ ಸೋಲದವರು ಮಳವಳ್ಳಿಯ ಹೈಸ್ಕೂಲು ಮೇಡಂ ಚೂಡಾಮಣಿ. ಇವರೆಲ್ಲರ ಎದುರು ರಘುನಂದನ್ ಕಂಕಣ ಕಟ್ಟಿಕೊಂಡ. ಮೂರು ವರ್ಷ ಮೊಬೈಲಿನಲ್ಲಿ ಕಲಿತ ಜಪಾನಿ, ಹದಿನಾಲ್ಕು ವರ್ಷ ಲೈಬ್ರರಿಯಲ್ಲಿ ಉಸಿರಾಡಿದ ಕನ್ನಡ. ಇನ್ನೇನು ಬೇಕು?

ಎರಡು ವಾರ ಬೆವರಿಳಿಸಿ ಮೊದಲ ಅಧ್ಯಾಯ ಮುಗಿಸಿ, ಹೆಂಡತಿಯ ಕೈಗೆ ಕೊಟ್ಟ. ಒತಾಕೆ ಅಜ್ಜಿ ಸೊಸೆಗೆ ಹೇಳುತ್ತಿದ್ದಳು: "ಎಲೌ ಸೊಸೆಯೇ, ನಮ್ಮ ಗದ್ದೆಗೆ ಜಲಬಾಧೆಯಾಗಿದೆ. ಶೀಘ್ರವಾಗಿ ಪರಿಹರಿಸು!"

ವೀಣ ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದಳು.

"ಗದ್ದೆಗೆ ಜಲಬಾಧೆ ಆದ್ರೆ ಸೊಸೆ ಏನ್ರೀ ಮಾಡ್ತಾಳೆ? ಬಸ್‌ಸ್ಟ್ಯಾಂಡಿಗೆ ಕರ್ಕೊಂಡು ಹೋಗ್ತಾಳಾ?"

"ನೀರು ಜಾಸ್ತಿಯಾಗಿ ತೊಂದರೆ ಅಂತ ಅರ್ಥ!" ರಘುವಿನ ಮುಖ ಕೆಂಪಾಯಿತು. "ಹಳ್ಳಿ ಅಜ್ಜಿ ಇನ್ನು ಹೇಗೆ ಮಾತಾಡ್ಬೇಕಿತ್ತು?"

"ನಮ್ಮಮ್ಮನ ಥರ!"

ಆ ಹೊತ್ತಿಗೆ ಸರಿಯಾಗಿ ಫೋನು ಬಂತು. ವೀಣಳ ತಾಯಿ ಮಾಯಮ್ಮ. ರಘುವಿಗೆ ಅತ್ತೆ, ಅದಕ್ಕೂ ಮೊದಲು ಸ್ವಂತ ಸೋದರತ್ತೆ. ಅವನ ಅಪ್ಪನ ಅಕ್ಕ. ಅಪ್ಪ ಸಕ್ಕರೆ ಕಾರ್ಖಾನೆ ಕೆಲಸಕ್ಕೆಂದು ಮಂಡ್ಯ ಸೇರಿದ್ದರಿಂದ ರಘು ಗದ್ದೆ ಕಂಡಿದ್ದೆಲ್ಲ ಬಸ್ಸಿನ ಕಿಟಕಿಯಿಂದ. ಮಾಯಮ್ಮ ಮಾತ್ರ ಕೊಪ್ಪದಲ್ಲಿ ಇವತ್ತಿಗೂ ಭತ್ತ ಬೆಳೆಯುತ್ತಾ, ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದವರೇ ಮಗಳಿಗೆ ಊರ ವರದಿ ಒಪ್ಪಿಸುತ್ತಿದ್ದರು. ವೀಣ ರೊಟ್ಟಿ ತಟ್ಟುತ್ತಾ ಸ್ಪೀಕರ್ ಹಾಕಿದಳು.

"ಅಲ್ಲ ಕಣವ್ವ, ಪಕ್ಕದ್ ಗದ್ದೆ ಪಟ್ಲಮ್ಮನ ಎಮ್ಮೆ ನಮ್ಮ ಬದುನ್ ಮ್ಯಾಲೇ ಸಂಸಾರ ಊಡ್ಬುಟ್ಟದೆ! ಆ ಎಮ್ಮೆಗೂ ಅವ್ಳಿಗೂ ಒಂದೇ ಬುದ್ಧಿ. ಕಂಡೋರ ಗದ್ದೆ ಅಂದ್ರೆ ಬಾಯ್ ತಕ್ಕಂಡು ನುಗ್ತವೆ!"

ರಘುನಂದನ್ ಬಾಯಿ ತೆರೆದು ನಿಂತ. ಎರಡನೇ ಅಧ್ಯಾಯದಲ್ಲಿ ಒತಾಕೆ ಅಜ್ಜಿ ಪಕ್ಕದ ಮನೆಯ ಹಾನಾಳ ಮೇಕೆಯನ್ನು ಬೈಯುವ ಜಾಗ ಇದ್ದದ್ದೇ ಹೀಗೆ! ಜಪಾನಿ ಅಜ್ಜಿ ಇಷ್ಟು ದಿನ ಕೊಪ್ಪದಲ್ಲೇ ಇದ್ದಳು, ಇವನೇ ಟೋಕಿಯೊ ಕಡೆ ಹುಡುಕುತ್ತಿದ್ದ!

ಮರುದಿನದಿಂದ ಅತ್ತೆಯ ಫೋನು ಬಂದರೆ ಅಳಿಯ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ಹಾಜರ್. ಹೆಂಡತಿಗೆ, "ಅತ್ತೆ ದನಿ ಕೇಳಿದ್ರೆ ಏನೋ ನೆಮ್ಮದಿ ಕಣೇ," ಎಂದ. ವೀಣ ಅವನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಎರಡನೇ ಅಧ್ಯಾಯ ಒಂದೇ ವಾರದಲ್ಲಿ ಮುಗಿಯಿತು. ಕೇಳಿದ್ದನ್ನು ಕೇಳಿದ ಹಾಗೇ ಬಡಿದಿದ್ದರಿಂದ ಕೊನೆಗೆ 'ಪಟ್ಟಲಮ್ಮನ ಎಮ್ಮೆ' ಇರುವ ಕಡೆಯೆಲ್ಲ 'ಹಾನಾಳ ಮೇಕೆ' ಎಂದು ಮಾಡಬೇಕಿತ್ತು. ಅದೇನು ಮಹಾ! ಕಂಪ್ಯೂಟರಿಗೆ ಹೇಳಿದ: ಎಲ್ಲ ಕಡೆ ಬದಲಿಸು. 'ಆರು ಕಡೆ ಬದಲಿಸಲಾಗಿದೆ' ಎಂದು ಕಂಪ್ಯೂಟರು ವಿನಯದಿಂದ ವರದಿ ಕೊಟ್ಟಿತು. ಏಳನೇ ಕಡೆ ಅವನು ಪೂರ್ತಿ ಹೆಸರು ಬಿಟ್ಟು ಅತ್ತೆಯ ಬಾಯಲ್ಲಿ ಬಂದ ಹಾಗೆ 'ಪಟ್ಲಮ್ಮ' ಎಂದು ಬರೆದಿದ್ದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಆ ಒಂದಕ್ಷರದ ಸಂದಿಯಲ್ಲಿ ಪಟ್ಲಮ್ಮ, ಎಮ್ಮೆಯ ಸಮೇತ, ಜಪಾನಿಗೆ ನುಗ್ಗಿದರು!

ಅಧ್ಯಾಯ ಹಾಕಿದ್ದೇ ತಡ, ಬಳಗ ಕುಣಿದಾಡಿತು. 'ಅಜ್ಜಿ ಮಾತು ಸೂಪರ್!', 'ಬೆಂಕಿ ಅನುವಾದ!' ರಘುನಂದನ್ ಲೈಬ್ರರಿಯಲ್ಲಿ ಎದೆ ಸೆಟೆಸಿಕೊಂಡು ಓಡಾಡಿ ಎರಡು ಕಪಾಟಿಗೆ ಭುಜ ಹೊಡೆಸಿಕೊಂಡ. ಮೂರನೇ ದಿನ ಒಬ್ಬ ಕೇಳಿದ: 'ಸಾರ್, ಈ ಪಟ್ಲಮ್ಮ ಯಾರು?'

ರಘು ಅಧ್ಯಾಯ ತೆರೆದು ನೋಡಿದ: ಏಳನೇ ಕಡೆ ಪಟ್ಲಮ್ಮ ಹಾಯಾಗಿ ಕೂತಿದ್ದರು. 'ತಪ್ಪಾಗಿದೆ, ಕ್ಷಮಿಸಿ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆಂಕಿ ಅನುವಾದಕ ತಪ್ಪು ಮಾಡುವುದುಂಟೆ? 'ಸೂಕ್ಷ್ಮವಾಗಿ ಓದಿ. ಉತ್ತರ ಮೂಲದಲ್ಲೇ ಇದೆ,' ಎಂದು ಗಂಭೀರವಾಗಿ ಬರೆದುಬಿಟ್ಟ.

ಇನ್ನೂರು ಜನ ಸೂಕ್ಷ್ಮವಾಗಿ ಓದತೊಡಗಿದರು! ಪಟ್ಲಮ್ಮ ಒತಾಕೆ ಅಜ್ಜಿಯ ಅವಳಿ ಅಂತ ಒಬ್ಬ. ಕನ್ನಡಿ ಕದ್ದವಳೇ ಪಟ್ಲಮ್ಮ ಅಂತ ಇನ್ನೊಬ್ಬ. ಚೂಡಾಮಣಿ ಮೇಡಂ ಹನ್ನೊಂದು ಪುಟದ ಪ್ರಬಂಧವನ್ನೇ ಹಾಕಿದರು: 'ಜಪಾನಿನಲ್ಲಿ ಯಮಧರ್ಮನನ್ನು ಎನ್ಮಾ ಎನ್ನುತ್ತಾರೆ. ಎನ್ಮಾ... ಎಮ್ಮೆ! ಇದು ಕಾಕತಾಳೀಯವೇ?'

'ಮೇಡಂ, ಯಮನದು ಕೋಣ ಅಲ್ವಾ?'

'ಅದೇ ನಿಗೂಢ!'

ಸುಹಾಸ್ ಮದ್ದೂರಿನಿಂದ ಫೋನು ಮಾಡಿದ. ದನಿ ಸೊರಗಿತ್ತು. "ಸಾರ್, ಜಪಾನಿ ಮೂಲವನ್ನು ನಾಲ್ಕು ಸಲ ಜಾಲಾಡಿದೆ. ಪಟ್ಲಮ್ಮ ಸಿಗ್ತಿಲ್ಲ. ನನ್ನ ಜಪಾನಿ ಮೇಲೇ ನನಗೆ ನಂಬಿಕೆ ಹೊರಟುಹೋಗ್ತಿದೆ."

"ಐದನೇ ಸಲ ನೋಡಿ," ಎಂದ ರಘುನಂದನ್.

ಈ ನಡುವೆ ಯಾರೋ ಪುಣ್ಯಾತ್ಮರು ಗುದ್ದಲಿ ಹಿಡಿದ ಒತಾಕೆ ಅಜ್ಜಿಯ ಚಿತ್ರದ ಕೆಳಗೆ ಆ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿ ಹರಿಯಬಿಟ್ಟರು: 'ಪಟ್ಲಮ್ಮನ ಎಮ್ಮೆಗೂ ಅವ್ಳಿಗೂ ಒಂದೇ ಬುದ್ಧಿ!' ಮೂಲೆಯಲ್ಲಿ 'ಜಪಾನಿಯಿಂದ ಕನ್ನಡಕ್ಕೆ: ರಘುನಂದನ್' ಎಂದೂ ಇತ್ತು. ಅದು ಮಂಡ್ಯ ಸುತ್ತಿ, ಮದ್ದೂರು ಸುತ್ತಿ, ನಿಡಘಟ್ಟದಲ್ಲಿ ಒಂದು ದಿನ ತಂಗಿ, ಗುರುವಾರ ಬೆಳಿಗ್ಗೆ ಕೊಪ್ಪದ ಡೇರಿ ಮುಂದೆ ಸಾಲಿನಲ್ಲಿ ನಿಂತವರ ಮೊಬೈಲಿಗೆ ಬಂದು ಇಳಿಯಿತು. ಸಾಲಿನಲ್ಲಿ ಮೂರನೆಯವರು ಪಟ್ಟಲಮ್ಮ. ನಾಲ್ಕನೆಯವರು ಮಾಯಮ್ಮ.

ಭಾನುವಾರ ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದಿಗೆ ರಘು ಹೋಗಿ ತೆಗೆದ. ಇಬ್ಬರೂ ನಿಂತಿದ್ದರು. ಮೂವತ್ತು ವರ್ಷ ಒಂದೇ ಬದುವಿನ ಆಚೆ ಈಚೆ ನಾಟಿ ಹಾಕಿದವರು, ಮೂರು ದಿನದಿಂದ ಮಾತು ಬಿಟ್ಟು, ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದಿದ್ದರು.

"ಲೇ ರಘು," ಮಾಯಮ್ಮ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು, "ನಾನು ನನ್ ಮಗಳ್ತಾವ ಆಡಿದ್ ಮಾತು ಜಪಾನ್ಗೆ ಎಂಗ್ಲಾ ಓಯ್ತು?"

"ಅತ್ತೆ... ಅದು... ಸಾಹಿತ್ಯ..."

"ಆಡಿದ್ದು ನಿಜ ಅಂತ ಬಾಯ್ಬುಟ್ಳಲ್ಲ, ಅದ್ನ ಮೊದ್ಲು ಬರ್ಕೊಳಪ್ಪ!" ಎಂದರು ಪಟ್ಟಲಮ್ಮ. ದನಿ ಗಡುಸಾಗಿದ್ದರೂ ಕಣ್ಣು ತುಂಬಿತ್ತು. "ಮಾಯಕ್ಕ, ನನ್ನ ಮಕ ನೋಡಿ ಯೋಳ್ಬೋದಿತ್ತು. ಊರ್ಗೆಲ್ಲ ಸಾರ್ಬೇಕಿತ್ತಾ?"

"ನಾನೆಲ್ಲಿ ಸಾರ್ದೆ? ಮಗಳ್ತಾವ ಬೈಯ್ದೆ, ಅಷ್ಟೇಯ. ನೀನೂ ನಿನ್ ಮಗಳ್ತಾವ ನನ್ನ ಬೈಯಾಕಿಲ್ವಾ?"

ಪಟ್ಟಲಮ್ಮ ಒಂದು ಕ್ಷಣ ಯೋಚಿಸಿದರು. "ಬೈಯ್ತೀನಿ. ಆದ್ರೆ ನಮ್ಮ ಅಳಿಯಂಗೆ ಕಂಪ್ಯೂಟ್ರು ಬರಾಕಿಲ್ಲ."

ಹೊಟ್ಟೆಯೊಳಗೆ ನಗು ಒತ್ತಿ ಹಿಡಿದು ವೀಣ ಕಾಫಿಗೆ ಒಳಗೋಡಿದಳು. ರಘುನಂದನ್ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ: ಫೋನು, ಅಡುಗೆಮನೆ ಬಾಗಿಲು, ಏಳನೇ ಕಡೆ. "ತಪ್ಪು ನಂದೇ. ಮಾಯತ್ತೆ ಮೇಲೆ ಸಿಟ್ಟು ಮಾಡ್ಕೋಬೇಡಿ ಪಟ್ಟಲಮ್ಮನೋರೆ. ಈಗಲೇ ನಿಮ್ಮ ಹೆಸರು ತೆಗೆದುಬಿಡ್ತೀನಿ."

"ಅದೆಲ್ಲಿದ್ದೀನಿ, ಒಸಿ ತೋರ್ಸು ಮೊದ್ಲು," ಎಂದರು ಪಟ್ಟಲಮ್ಮ.

ಲ್ಯಾಪ್‌ಟಾಪ್ ತೆರೆದ. ಹಸಿರು, ಹಳದಿ ಗದ್ದೆಗಳ ಚಿತ್ರ ಬಂತು. ಇಬ್ಬರೂ ಕಾಫಿ ಲೋಟ ಹಿಡಿದು ಮುಂದೆ ಬಗ್ಗಿದರು.

"ಅಯ್ಯೋ, ನಮ್ಮ ನಾಲೆ ಬಯಲು ಇದ್ದಂಗದಲ್ಲೇ ಮಾಯಕ್ಕ!" ಮೂರು ದಿನದ ಮುನಿಸು ಅಲ್ಲಿಗೆ ಕರಗಿತು.

ರಘುನಂದನ್‌ಗೆ ಹೋದ ಜೀವ ಬಂದ ಹಾಗಾಯಿತು. ಜೀವದ ಹಿಂದೆಯೇ ಪಾಂಡಿತ್ಯವೂ ಬಂತು. "ನೋಡಿ, ದೇವಸ್ಥಾನದ ಕನ್ನಡಿ ಕಳುವಾದ ಮರುದಿನ ಇಲ್ಲಿ ಅಜ್ಜಿ ಬದು ಕಡಿದು ನೀರು ಬಿಡ್ತಾಳೆ. ಯಾಕೆ ಅಂತ ಇಡೀ ಪ್ರಪಂಚ ಆರು ವರ್ಷದಿಂದ ತಲೆ ಕೆಡಿಸಿಕೊಂಡಿದೆ! ಜಲದೇವತೆಯ ಶಾಪ ಅಂತ ಒಂದು ವಾದ. ನೀರಿನಲ್ಲಿ ಪ್ರತಿಬಿಂಬ ಕಾಣಬಾರದು ಅಂತ ಇನ್ನೊಂದು..."

ಮಾಯಮ್ಮ ಪಟ್ಟಲಮ್ಮನ ಮುಖ ನೋಡಿದರು. ಪಟ್ಟಲಮ್ಮ ಮಾಯಮ್ಮನ ಮುಖ ನೋಡಿದರು. ಕಾಫಿ ತುಳುಕುವ ಹಾಗೆ ಇಬ್ಬರಿಗೂ ನಗು ಉಕ್ಕಿತು.

"ಲೇ ರಘು, ಕಣ್ ಬುಟ್ಟು ನೋಡ್ಲಾ!" ಎಂದರು ಮಾಯಮ್ಮ. "ತೆನೆ ಬಗ್ಗದೆ, ಅಣ್ಣಾಗದೆ. ಕುಯ್ಲಿಗ್ ಬಂದ ಗದ್ದೇಲಿ ನೀರ್ ಬಸೀದೆ ಇನ್ನೇನ್ ಮೀನ್ ಸಾಕ್ತಾರೇನ್ಲಾ?"

ರಘುನಂದನ್ ಚಿತ್ರ ನೋಡಿದ. ತೆನೆ ಬಗ್ಗಿತ್ತು. ಹಣ್ಣಾಗಿತ್ತು. ಆರು ವರ್ಷದಿಂದಲೂ ಬಗ್ಗಿತ್ತು!

"ಅಂಗಾರೆ ಇದ್ಯಾಕೆ ಇಂಗದೆ?" ಪಟ್ಟಲಮ್ಮ ಪರದೆಯ ಮೂಲೆಗೆ ಬೆರಳಿಟ್ಟರು. "ಇಲ್ಲೂ ತೆನೆ ಅಣ್ಣಾಗದೆ. ನೀರು ಮಾತ್ರ ಪಳಪಳ ಒಳೀತಾ ನಿಂತದೆ. ಇದ್ಯಾರ ಗದ್ದೆ?"

"ಅದು... ಊರ ಯಜಮಾನ ಗೋರೋನದು."

"ಕುಯ್ಯೋ ಗದ್ದೇಲಿ ಯಾವ ರೈತ್ನೂ ನೀರ್ ನಿಲ್ಸಾಕಿಲ್ಲ ಕಣ್ಲಾ," ಎಂದರು ಮಾಯಮ್ಮ ಲೋಟ ಕೆಳಗಿಟ್ಟು. "ಕೆಸರೊಳಗೆ ಏನೋ ಮುಚ್ಚಿ ಮಡಗವ್ನೆ. ಯಜಮಾನನ ಗದ್ದೆ, ಕೇಳೋರ್ಯಾರು? ನಿನ್ ಕನ್ನಡಿ ಅಲ್ಲೇ ಅದೆ. ಓಗಿ ತಕ್ಕೊಳ್ಳಿ ಅನ್ನು."

ರಘು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. "ನೀನೂ ಕೊಪ್ಪದಲ್ಲೇ ಬೆಳೆದವಳು. ನಿನಗೆ ಗೊತ್ತಿತ್ತಾ?"

"ಇದೆಲ್ಲ ಚಿಕ್ಕ ಮಕ್ಕಳಿಗೂ ಗೊತ್ತು. ಯಾವತ್ತಾದ್ರೂ ನನ್ನ ಕೇಳಿದ್ರಾ?"

ಪಟ್ಟಲಮ್ಮನ ಹೆಸರು ಅಳಿಸಲು ಅವನು ಕೈ ಹಾಕಿದರೆ, ಆಕೆ ಕೈ ಹಿಡಿದು ನಿಲ್ಲಿಸಿದರು. "ತಗುದ್ರೆ ನೋಡು! ಇಷ್ಟೆಲ್ಲ ಊರ್ಗೆ ಗೊತ್ತಾದ್ಮೇಲೆ ಈಗ ತಗೀತೀಯಾ? ಇರ್ಲಿ ಬುಡು. ಎಮ್ಮೆ ವಿಚಾರ ಮಾತ್ರ ಸರಿಯಾಗ್ ಬರಿ. ಎರಡ್ ಹೊತ್ತಿಗೂ ಸೇರಿ ಎಂಟು ಲೀಟ್ರು ಕೊಡ್ತದೆ ಅಂತ ಸೇರ್ಸು!"

ಅವರಿಬ್ಬರೂ ಊಟ ಮುಗಿಸಿ, ಬಸ್ಸಿನಲ್ಲಿ ಒಂದೇ ಸೀಟು ಹಿಡಿದು ಹೊರಟ ಮೇಲೆ ರಘುನಂದನ್ ಬಳಗಕ್ಕೆ ಬರೆಯಲು ಕೂತ. 'ನನ್ನ ಬಹುದಿನಗಳ ಸಂಶೋಧನೆಯ ಪ್ರಕಾರ' ಎಂದು ಶುರುಮಾಡಿದ. ಹಿಂದೆ ನಿಂತಿದ್ದ ವೀಣ ಒಮ್ಮೆ ಕೆಮ್ಮಿದಳು. ಅಳಿಸಿದ. ನಡೆದದ್ದನ್ನೆಲ್ಲ, ಏಳನೇ ಕಡೆಯನ್ನೂ ಸೇರಿಸಿ, ನಡೆದ ಹಾಗೇ ಬರೆದ.

ಅರ್ಧ ಗಂಟೆಯಲ್ಲಿ ಸುಹಾಸ್ ಫೋನು ಮಾಡಿದ. ಮೂಲದಲ್ಲಿರುವುದು ಬರೀ 'ನೀರು ಬಿಟ್ಟಳು' ಅಲ್ಲವಂತೆ. ಕುಯ್ಲಿಗೆ ಮುಂಚೆ ಗದ್ದೆ ಬಸಿಯುವುದಕ್ಕೆ ಅಲ್ಲಿನ ರೈತರು ಆಡುವ ಮಾತೇ ಅಂತೆ! ಪಟ್ಲಮ್ಮ ಮೂಲದಲ್ಲಿಲ್ಲ ಎಂದು ತಿಳಿದ ಸಂತೋಷಕ್ಕೆ ಅವನು ಅದನ್ನೇ ಮೂರು ಸಲ ಹೇಳಿದ. ಡಿಸೆಂಬರಿನಲ್ಲಿ ನಾಲ್ಕನೇ ಭಾಗ ಬಂತು. ಗೋರೋನ ಗದ್ದೆಯ ಕೆಸರಿನಿಂದ ಕನ್ನಡಿ ಎದ್ದು ಬಂತು. ಬ್ರೆಜಿಲಿನವರು ದಂಗಾದರು. ಚೂಡಾಮಣಿ ಮೇಡಂ ಮಾತ್ರ ಎಮ್ಮೆಯ ವಿಷಯದಲ್ಲಿ ಒಂದಿಂಚೂ ಹಿಂದೆ ಸರಿಯಲಿಲ್ಲ.

ಈಗ ಮಾಯಮ್ಮ ಬಳಗದಲ್ಲಿದ್ದಾರೆ. ವೀಣ ಸೇರಿಸಿದ್ದು. ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾರೆ. ಭಾನುವಾರಗಳಂದು ಮಂಡ್ಯಕ್ಕೆ ಬಂದು ಕೂತರೆ ಒಂದೊಂದೇ ಸಾಲಿಗೆ, "ಅಂಗಲ್ಲ ಕಣ್ಲಾ, ಇಂಗೆ," ಎನ್ನುತ್ತಾರೆ, ರಘುನಂದನ್ ಬಡಿಯುತ್ತಾನೆ. ನಿಜ ಹೇಳಬೇಕೆಂದರೆ ಅವನು ಇಷ್ಟು ಸಂತೋಷವಾಗಿ ಯಾವತ್ತೂ ಇರಲಿಲ್ಲ.

ಮೊನ್ನೆ ಬಳಗಕ್ಕೆ ಹೊಸದಾಗಿ ಸೇರಿದವರೊಬ್ಬರು ಕೇಳಿದರು: 'ಮಾಯಮ್ಮನವರೇ, ಅನುವಾದ ಅದ್ಭುತ! ನಿಮ್ಮ ಜೊತೆ ರಘುನಂದನ್ ಅಂತ ಇನ್ನೊಂದು ಹೆಸರಿದೆಯಲ್ಲ, ಅವರು ಯಾರು?'

ರಘುನಂದನ್ ವಿನಯದ ಒಂದು ಉತ್ತರ ಬರೆಯಲು ಕೈ ಕೊಡವಿಕೊಳ್ಳುವಷ್ಟರಲ್ಲಿ ಕೊಪ್ಪದಿಂದ ಅತ್ತೆಯ ದನಿ ಬಂದು ಬಿತ್ತು:

"ಅವ್ನಾ? ನಮ್ಮ ಅಳಿಯ ಕಣಪ್ಪ. ಬರ್ಕೊಳಾಕೆ ಮಡಿಕ್ಕಂಡಿವ್ನಿ!"