ಹುಲ್ಲುಗಾವಲಿನಲ್ಲಿ ಆರೂ ಮುಕ್ಕಾಲರ ನಗೆ

ಶಿಸ್ತಿನಿಂದ ಯಾರಿಗೂ ಕೆಡುಕಾಗುವುದಿಲ್ಲವೆಂದು ಎಪ್ಪತ್ತೊಂದು ವರ್ಷ ನಂಬಿದ್ದೆ. ನಾಲ್ಕೂವರೆಗೆ ಏಳುವುದು, ಐದಕ್ಕೆ ಸ್ನಾನ, ಆಮೇಲೆ ಲಿಂಗಪೂಜೆ, ಆರಕ್ಕೆ ಮೂಡಲಪಾಳ್ಯದ ಪಾರ್ಕು, ಆರೂ ಮುಕ್ಕಾಲಿಗೆ ಸರಿಯಾಗಿ ನಗೆ. ಹೌದು, ನಗೆ. ನಮ್ಮ ನಗೆಕೂಟದ ಇಪ್ಪತ್ತು ಹಿರಿಯರು ಕೈಯೆತ್ತಿ, ಮುಖ ಆಕಾಶಕ್ಕೆ ಮಾಡಿ, ಕಣ್ಣು ಮುಚ್ಚಿ, ಮೂವತ್ತು ಎಣಿಸುವವರೆಗೆ ಗಹಗಹಿಸುತ್ತೇವೆ. ಶುರು ಮಾಡಿಕೊಡುವವನು ನಾನು. ನನ್ನ ಕೈಗಡಿಯಾರ ‘ಪೀಕ್’ ಎಂದರೆ ನಾನು ‘ಹ್ಹಾ’ ಎನ್ನಬೇಕು. ಹದಿಮೂರು ವರ್ಷಗಳಲ್ಲಿ ಇವೆರಡರ ನಡುವೆ ಯೋಚನೆಗೆ ಜಾಗವೇ ಉಳಿದಿಲ್ಲ. ಒಮ್ಮೆ ಜ್ವರದಲ್ಲಿ ಮಲಗಿದ್ದಾಗಲೂ ನಕ್ಕೆ. ನನ್ನನ್ನು ನೋಡಲು ಬಂದು ಉಳಿದಿದ್ದ ಬೀಗರು ಮೊದಲ ಬಸ್ಸಿಗೇ ಹೊರಟುಬಿಟ್ಟರು.

ನನ್ನ ಹೆಂಡತಿ ಗಿರಿಜೆಗೆ ಮುಂದಿನ ತಿಂಗಳು ಮಂಡಿಯ ಆಪರೇಷನ್. “ಅದಕ್ ಮುಂಚೆ ಒಂದ್ ಸಲ ಹುಲಿ ತೋರ್ಸಿಬಿಡಿ. ಬೋನಲ್ಲಿರೋದಲ್ಲ, ಕಾಡಲ್ಲಿರೋದು. ಇನ್ನೇನೂ ಕೇಳಲ್ಲ,” ಎಂದಳು. ನಲವತ್ತಾರು ವರ್ಷಗಳಲ್ಲಿ ಅವಳು ಕೇಳಿದ್ದು ಇದೊಂದೇ. ಅಭಯಾರಣ್ಯಕ್ಕೆ ಹೋದೆವು. ಬೆಳಗಿನ ಜೀಪು ಕಾಡು ದಾಟಿ ಹುಲ್ಲುಗಾವಲಿಗೆ ಬಂತು. ಜಿಂಕೆಗಳು ಮನಬಂದಾಗ ಮೇಯುತ್ತಿದ್ದವು, ಮನಬಂದಾಗ ಸುಮ್ಮನೆ ನಿಲ್ಲುತ್ತಿದ್ದವು. ಕಾಡುಕೋಣವೊಂದು ದಾರಿಗೆ ಅಡ್ಡನಿಂತು ನಮ್ಮ ಏಳು ನಿಮಿಷ ತಿಂದಿತು. ಇಷ್ಟು ದೊಡ್ಡ ಕಾಡು, ಒಂದಕ್ಕೂ ಸಮಯಪ್ರಜ್ಞೆ ಇಲ್ಲವಲ್ಲ ಎಂದು ದಂಗಾದೆ.

ಹುಲ್ಲುಗಾವಲು ಜೌಗಿಗೆ ಇಳಿಯುವಲ್ಲಿ ಡ್ರೈವರ್ ಜೀಪು ನಿಲ್ಲಿಸಿ ಕೆಸರಿನಲ್ಲಿದ್ದ ಹೆಜ್ಜೆಗಳನ್ನು ತೋರಿಸಿದ. “ಹೊಸಾದು ಸಾರ್. ಇಲ್ಲೇ ಎಲ್ಲೋ ಮಲ್ಗೈತೆ. ಇದೇ ಕೊನೇ ಜಾಗ, ಉಸಿರೂ ಬಿಡ್ಬೇಡಿ.” ಗಿರಿಜೆ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅಷ್ಟರಲ್ಲಿ ಮುಂದೆ ಕೂತಿದ್ದ ಯುವಕನೊಬ್ಬ ಚಿಪ್ಸ್ ಪ್ಯಾಕೆಟ್ ಪರಪರ ಎನಿಸಿದ.

“ಏನಪ್ಪಾ, ಐದ್ ನಿಮಿಷ ಸುಮ್ನೆ ಇರಕ್ಕಾಗಲ್ವಾ? ಶಿಸ್ತು ಬೇಡ್ವಾ?” ಎಂದು ಪಿಸುದನಿಯಲ್ಲೇ ಗದರಿದೆ.

“ಸಾರಿ ಅಂಕಲ್.”

ಆಗ ನನ್ನ ಗಡಿಯಾರ ‘ಪೀಕ್’ ಎಂದಿತು.

ಕೈಗಳು ಮೇಲೇರಿದ್ದು, ಕಣ್ಣು ಮುಚ್ಚಿದ್ದು ನನಗೆ ತಿಳಿಯಲಿಲ್ಲ. ತಿಳಿದಾಗ ಎಣಿಕೆ ಒಂಬತ್ತಕ್ಕೆ ಬಂದಿತ್ತು. ನನ್ನದೇ ಗಹಗಹ ಜೌಗಿನಾಚೆಗೆ ಹೋಗಿ ನನಗೇ ವಾಪಸ್ಸು ಬರುತ್ತಿತ್ತು. ಗಿರಿಜೆಯ ಹುಲಿಯನ್ನು ನಾನೇ ಓಡಿಸುತ್ತಿದ್ದೇನೆ! ಯಾರೋ ಅಂಗಿ ಜಗ್ಗಿದರು. ನಿಲ್ಲಿಸಬೇಕಿತ್ತು. ಆದರೆ ಮೂವತ್ತಕ್ಕೆ ಮೊದಲು ನಿಲ್ಲಿಸಿ ಅಭ್ಯಾಸವಿರಲಿಲ್ಲ.

ಕಣ್ಣು ಬಿಟ್ಟರೆ ಇನ್ನೊಂದು ಆಘಾತ. ನನ್ನನ್ನು ಯಾರೂ ಬೈಯುತ್ತಿಲ್ಲ, ನೋಡುತ್ತಲೂ ಇಲ್ಲ. ಎಲ್ಲರೂ ಹತ್ತು ಮಾರು ದೂರದ, ಇನ್ನೂ ಅಲುಗಾಡುತ್ತಿದ್ದ ಹುಲ್ಲನ್ನು ಬಾಯಿ ತೆರೆದು ನೋಡುತ್ತಿದ್ದರು.

“ಅಂಕಲ್, ನಿಮ್ ನಗುಗೇ ಎದ್ ನಿಂತ್ಕೊಂಡು ನಿಮ್ಮನ್ನೇ ಗುರಾಯಿಸ್ತಲ್ಲಾ!” ಎಂದ ಚಿಪ್ಸಿನವನು. “ನೀವ್ ನೋಡ್ಲಿಲ್ವಾ?”

ಗಿರಿಜೆಯ ಕಣ್ಣಲ್ಲಿ ನೀರು. “ಎಷ್ಟ್ ಚೆಂದ ಇತ್ತು ರೀ! ಮೀಸೆ ಕೂಡ ಕಾಣ್ತು.”

ಈಗ ಪಾರ್ಕಿನಲ್ಲಿ ದಿನಾ ಅವಳದೇ ವರ್ಣನೆ. ಮೊನ್ನೆ ಒಬ್ಬರು ನನ್ನ ಕಡೆ ತಿರುಗಿ, “ಸಾರ್, ಹುಲಿ ಅಷ್ಟ್ ದೊಡ್ದಿತ್ತಾ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಿರಿಜೆ ಹೇಳಿದಳು:

“ಅವ್ರನ್ನ ಕೇಳ್ಬೇಡಿ. ಹುಲಿ ಅವ್ರನ್ನ ನೋಡಿದೆ, ಅಷ್ಟೇ.”