ಮೂರು ಗಂಟೆಯ ಮಾತ್ರೆ

೨೦೧೯ರ ಜೂನ್ ೧೧, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತಾರು ನಿಮಿಷ. ಗಡಿಯಾರಪ್ಪ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಎಡವಟ್ಟಾದದ್ದು ಅಲ್ಲೇ.

ಮಾತ್ರೆ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಅವನದು ಹತ್ತೊಂಬತ್ತು ವರ್ಷದ ನೌಕರಿ. ಚಹಾ ಆರುವುದಕ್ಕೂ ನಿಮಿಷ ಎಣಿಸುವವನಾದ್ದರಿಂದ ಆ ಅಡ್ಡಹೆಸರು. ಅಂಥವನನ್ನು ಒಂದು ದವಡೆ ಹಲ್ಲು ಮೂರು ತಿಂಗಳಿಂದ ತಾಳವಿಲ್ಲದೆ ಕುಣಿಸುತ್ತಿತ್ತು. ಇವತ್ತು ನಾಲ್ಕು ಗಂಟೆಗೆ ರೂಟ್ ಕೆನಾಲ್.

"ಹಲ್ಲಿನ ಬುಡ ಉರಿದು ಕೂತಿದೆ. ಹೀಗಿದ್ರೆ ಇಂಜೆಕ್ಷನ್ನೂ ಸರಿಯಾಗಿ ಹಿಡಿಯಲ್ಲ," ಎಂದಿದ್ದರು ಹಲ್ಲಿನ ಡಾಕ್ಟರಮ್ಮ. "ಊಟ ಮಾಡಿ, ಸರಿಯಾಗಿ ಮೂರಕ್ಕೆ ಒಂದು ಮಾತ್ರೆ ನುಂಗಿ. ನೋವು ಏಳೋ ಮೊದಲೇ ಅದರ ಕಾಲು ಕಟ್ಟಬೇಕು." ಪಟ್ಟಿಯಿಂದ ಮೂರು ಮಾತ್ರೆ ಕತ್ತರಿಸಿ ಕೊಟ್ಟಿದ್ದರು. ಉಳಿದೆರಡು ರಾತ್ರಿಗೆ, ಬೆಳಿಗ್ಗೆಗೆ.

ಆದರೆ ಆ ಕೊಠಡಿಯಲ್ಲಿ ಮಾತ್ರೆ ತೆರೆದಿಡುವುದೆಂದರೆ ಬೆಕ್ಕಿನೆದುರು ಹಾಲಿಟ್ಟಂತೆ. ಅವನು ಊಟ ಮುಗಿಸಿ ಕೈತೊಳೆದು ಬರುವಷ್ಟರಲ್ಲಿ ತೂಕದ ಯಂತ್ರ ನೋಡಿಕೊಳ್ಳುವ ತಕ್ಕಡಿ ಮಾವ ಒಂದನ್ನು ತೂಗಿ, ಗಟ್ಟಿತನದ ಯಂತ್ರಕ್ಕೂ ಇಟ್ಟಾಗಿತ್ತು. ಟಪ್! ಮಾತ್ರೆ ಪುಡಿ.

"ಮಾವಾ! ಅದು ನನ್ನ ಹಲ್ಲಿಂದು!"

"ಅಭ್ಯಾಸಬಲ ಕಣಯ್ಯ. ಆದ್ರೂ ಏನ್ ಗಟ್ಟಿ ಅಂತೀಯ! ನಿನ್ನ ಹಲ್ಲು ಇಷ್ಟು ಗಟ್ಟಿ ಇದ್ದಿದ್ರೆ ಡಾಕ್ಟ್ರ ಹತ್ರ ಹೋಗೋ ಕೆಲಸಾನೇ ಇರ್ತಿರ್ಲಿಲ್ಲ."

ಉಳಿದೆರಡನ್ನು ಅವನು ಬಾಚಿಕೊಳ್ಳುವ ಮೊದಲೇ ಬಿಸಿನೀರಕ್ಕ ಒಂದನ್ನು ಎತ್ತಿಕೊಂಡಳು. ಹೊಟ್ಟೆಯಷ್ಟೇ ಬೆಚ್ಚಗಿನ ನೀರಿನಲ್ಲಿ ಬುಟ್ಟಿಯನ್ನು ಮೇಲೆ ಕೆಳಗೆ ಆಡಿಸುತ್ತ ಮಾತ್ರೆ ಕರಗಿಸುವ ಯಂತ್ರ ಅವಳದು.

"ನೀವು ನುಂಗೋ ಹೊತ್ತಿಗೇ ಇದನ್ನ ನೀರಿಗೆ ಬಿಡ್ತೀನಿ. ಒಳಗೆ ಯಾವಾಗ ಕರಗ್ತು ಅಂತ ನಿಮಗೂ ಗೊತ್ತಾಗುತ್ತಲ್ವಾ!"

"ರಾತ್ರಿಗೆ ನಾನೇನು ನುಂಗ್ಲಿ, ನಿಮ್ಮ ಬುಟ್ಟೀನಾ?"

"ಮೂರಕ್ಕೆ ಹತ್ತು ಸೆಕೆಂಡಿದೆ. ಜಗಳ ಆಮೇಲೆ ಆಡೋಣ."

ಗಡಿಯಾರಪ್ಪನ ಬಾಯಿಗೆ ಅದಕ್ಕಿಂತ ದೊಡ್ಡ ಬೀಗವಿಲ್ಲ. ಮೂರಕ್ಕೆ ಸರಿಯಾಗಿ ಒಂದು ಮಾತ್ರೆ ಅವನ ಗಂಟಲಿಗಿಳಿಯಿತು, ಇನ್ನೊಂದು ಅವಳ ಬುಟ್ಟಿಗೆ.

ನಾಲ್ಕಕ್ಕೆ ಅವನು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಇಂಜೆಕ್ಷನ್ ಆಯಿತು. ಸೂಜಿ ಹಲ್ಲಿನೊಳಗಿಳಿದದ್ದೇ ತಡ, ಅವನ ಎರಡೂ ಕಾಲು ಗಡಿಯಾರದ ಮುಳ್ಳಿನಂತೆ ಹನ್ನೆರಡಕ್ಕೆ ನಿಂತವು.

"ಮಾತ್ರೆ ನುಂಗಿದ್ರಿ ತಾನೆ?" ಡಾಕ್ಟರಮ್ಮ ಇನ್ನೊಂದು ಇಂಜೆಕ್ಷನ್ ತೆಗೆದುಕೊಂಡರು.

"ಆಂ... ಊಉ..."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಸದ್ದು ನಿಲ್ಲಿಸಲು ಸಹಾಯಕಿ ಒತ್ತಿದ್ದೇ ಸ್ಪೀಕರು ಗಟ್ಟಿಯಾಗಿ ಮಾತಾಡತೊಡಗಿತು.

"ಗಡಿಯಾರಪ್ಪಾ, ನಾನು, ಬಿಸಿನೀರಕ್ಕ! ಒಂದು ಗಂಟೆ ಆಯ್ತು, ಮಾತ್ರೆ ಬುಟ್ಟೀಲಿ ಅಜ್ಜಿ ಹಾಗೆ ಕೂತಿದೆ ಕಣ್ರೀ, ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಹದಿನೈದು ನಿಮಿಷದಲ್ಲಿ ಕರಗಬೇಕಿತ್ತು! ಯಾವ ಪುಣ್ಯಾತ್ಮ ಮಾಡಿದ್ದು ಅಂತ ನೀವು ಮೇಜಿನ ಮೇಲೆ ಬಿಟ್ಟ ಪಟ್ಟಿ ತುಂಡಿನ ನಂಬರ್ ಹುಡುಕಿದೆ. ಮೇಲಿನ ಹೆಸರು ಬೇರೆ ಕಂಪನಿದು, ಮಾತ್ರೆ ನಮ್ಮ ಕಾರ್ಖಾನೆದೇ!"

"ಆಂ?"

"ಮಾರ್ಚಿ ಹನ್ನೊಂದರ ಪುಸ್ತಕ ತೆಗೆದೆ. 'ಕರಗಿದ ಸಮಯ ಹನ್ನೆರಡು ನಿಮಿಷ, ಪಾಸು' ಅಂತಿದೆ. ಕೆಳಗೆ ಸಹಿ ಯಾರದು ಹೇಳಿ?"

ಸಹಿ ಅವನದೇ. ಅದನ್ನವನು ಮರೆತಿರಲಿಲ್ಲ. ಬಿಸಿನೀರಕ್ಕನ ರಜೆಯಲ್ಲಿ ಅವಳ ಯಂತ್ರವನ್ನು ಅವನೇ ನೋಡಿಕೊಂಡ, ಹಲ್ಲು ಮೊದಲ ಸಲ ಸಿಡಿದ ದಿನ ಅದು. ಕೆನ್ನೆ ಹಿಡಿದುಕೊಂಡು, ಆ ಮಾತ್ರೆ ಯಾವತ್ತೂ ಹನ್ನೆರಡು ನಿಮಿಷಕ್ಕೇ ಕರಗುವುದಲ್ಲ ಎಂದು, ಕಾಯದೆ ಬರೆದು ಮನೆಗೆ ಓಡಿದ್ದ. ಹತ್ತೊಂಬತ್ತು ವರ್ಷದಲ್ಲಿ ಅದೊಂದೇ ಸಲ.

"ಬಾಯಿ ಅಗಲ ಮಾಡಿ," ಎಂದರು ಡಾಕ್ಟರಮ್ಮ, ಸೂಜಿ ಎತ್ತಿ.

ನಾಲ್ಕು ಮೂವತ್ತೈದಕ್ಕೆ ಅವನು ಬನ್ನಿನಂಥ ಕೆನ್ನೆ ಹೊತ್ತು ಹೊರಬಂದ. ಎರಡು ನಿಮಿಷಕ್ಕೆ ಮತ್ತೆ ಫೋನು.

"ಈಗ ಕರಗ್ತು ನೋಡಿ! ಪುಸ್ತಕದಲ್ಲಿ ಏನಂತ ಬರೀಲಿ?"

ಗಡಿಯಾರಪ್ಪ ಕೈಗಡಿಯಾರ ನೋಡಿದ. ಮರಗಟ್ಟಿದ ತುಟಿಯಲ್ಲೇ ಒಂದೊಂದಕ್ಷರ ಬಿಡಿಸಿ ಹೇಳಿದ, ಈ ಸಲ ಅಳೆದು:

"ತೊಂಬತ್ತೇಳು ನಿಮಿಷ."